ನಿರೀಕ್ಷಿತ ಉತ್ತರ

ಮದ್ದೂರಿನ ಸ್ಟೇಷನರಿ ಅಂಗಡಿಯವನಿಗೆ ವರ್ಷಕ್ಕೆ ನಾಲ್ಕು ಸುಗ್ಗಿ. ಶಾಲೆ ಶುರುವಾಗುವ ಜೂನು, ಗಣೇಶನ ಹಬ್ಬ, ವಾರ್ಷಿಕ ಪರೀಕ್ಷೆ, ಆಮೇಲೆ ಬಿ.ಎಡ್. ಓದುವವರು ಪ್ರಾಕ್ಟೀಸ್ ಟೀಚಿಂಗಿಗೆ ಹಳ್ಳಿಗಳಿಗೆ ಇಳಿಯುವ ಕಾಲ. ಈ ನಾಲ್ಕನೆಯ ಸುಗ್ಗಿಯಲ್ಲಿ ಗೋಡೌನಿನ ಮೂಲೆ ಸೇರಿದ್ದ ಥರ್ಮಾಕೋಲ್ ಹಾಳೆಗಳು ಬಾಗಿಲಿಗೆ ಬಂದು ನಿಲ್ಲುತ್ತವೆ. ಗಿರಾಕಿ ಬಾಯಿ ಬಿಡುವ ಮುಂಚೆಯೇ ಅಂಗಡಿಯವನು ಕೇಳುತ್ತಾನೆ: "ಹೃದಯಾನಾ ಸಾರ್, ಸೌರಮಂಡಲಾನಾ, ಜ್ವಾಲಾಮುಖೀನಾ?" ಹೃದಯವೆಂದರೆ ಕೆಂಪು ನೀಲಿ ಪೇಂಟು. ಜ್ವಾಲಾಮುಖಿಯೆಂದರೆ ಅಡುಗೆ ಸೋಡಾ, ವಿನೆಗರ್, ಕುಂಕುಮದ ಬಣ್ಣ. ಸೌರಮಂಡಲವೆಂದರೆ ಸೂರ್ಯನೂ ಸೇರಿ ಹತ್ತು ಚೆಂಡು. ಪ್ಲೂಟೊವನ್ನು 2006ರಲ್ಲೇ ಗ್ರಹದ ಪಟ್ಟಿಯಿಂದ ಇಳಿಸಿದ್ದಾರೆ, ಆದರೆ ಅಂಗಡಿಯಲ್ಲಿ ಹಳೇ ಸ್ಟಾಕು ಖಾಲಿಯಾಗಬೇಕಲ್ಲ.

ಹಾಗೆ ಕೊಂಡ ಹಾಳೆಯನ್ನು ಬೈಕಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡು ಒಬ್ಬ ತರುಣ ಶಿವಪುರದ ಕಡೆ ಹೊರಡುತ್ತಾನೆ. ಶಿಂಷೆಯ ಕಡೆಯಿಂದ ಬೀಸುವ ಗಾಳಿಗೆ ಆ ಹಾಳೆ ಬೈಕನ್ನು ಎಡಕ್ಕೆ ಎಳೆಯುತ್ತದೆ, ಅವನು ಬಲಕ್ಕೆ ವಾಲುತ್ತಾನೆ. ವಿಸ್ತೀರ್ಣ ಹೆಚ್ಚಿದಷ್ಟೂ ಗಾಳಿಯ ಒಟ್ಟು ಬಲ ಹೆಚ್ಚು ಎಂಬ ಪಾಠ ಬೆನ್ನ ಹಿಂದೆಯೇ ಪಟಪಟ ಎನ್ನುತ್ತಿರುತ್ತದೆ. ಅವನ ಗಮನ ಅತ್ತ ಹೋಗುವುದಿಲ್ಲ. ನಾಳೆ ಬಲ ಮತ್ತು ಒತ್ತಡದ ಪಾಠವನ್ನು ಆಕರ್ಷಕವಾಗಿ ಮಾಡುವುದು ಹೇಗೆ ಎಂಬ ಚಿಂತೆಯಲ್ಲಿ ಅವನಿದ್ದಾನೆ.

ಇವನನ್ನು ಭಾವಿ ಮೇಷ್ಟ್ರು ಎಂದೇ ಕರೆಯೋಣ. ಹೆಸರು ಬೇಡ. ವರ್ಷ ವರ್ಷವೂ ಹೆಸರು ಬದಲಾಗುತ್ತದೆ, ಆಸಾಮಿ ಬದಲಾಗುವುದಿಲ್ಲ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕಪ್ಪು ಪ್ಯಾಂಟು, ಕೊರಳಲ್ಲಿ ಐಡಿ ಕಾರ್ಡು, ಕಂಕುಳಲ್ಲಿ ಬ್ರೌನ್ ಪೇಪರ್ ಹೊದಿಸಿದ ಪಾಠಯೋಜನೆಯ ರೆಕಾರ್ಡು. ಓದಿದ್ದು ಬಿ.ಎಸ್ಸಿ. ನಂಬಿದ್ದು ಒಂದೇ ಮಾತು: "ವಿಜ್ಞಾನ ಕಷ್ಟ ಅಲ್ಲ ಸಾರ್, ಇಷ್ಟು ದಿನ ಪಾಠ ಮಾಡ್ದೋರು ಬೋರ್ ಹೊಡೆಸಿಬಿಟ್ಟವ್ರೆ." ಅವನ ಕಾಲದ ಮೇಷ್ಟ್ರು ಕುರ್ಚಿಯಿಂದ ಏಳದೆ ನೋಟ್ಸ್ ಬರೆಸುತ್ತಿದ್ದರಂತೆ. ಕಾಮಾ, ಫುಲ್‌ಸ್ಟಾಪು, ಬ್ರಾಕೆಟ್ಟು ಎಲ್ಲವನ್ನೂ ಉಚ್ಚರಿಸುತ್ತಿದ್ದರಂತೆ. ತಾನು ಮೇಷ್ಟ್ರಾದರೆ ಮಕ್ಕಳು ಗಂಟೆ ಹೊಡೆದರೂ ಎದ್ದು ಹೋಗಬಾರದು ಎಂದು ಅವನು ಅಂದೇ ಶಪಥ ಮಾಡಿದ್ದಾನೆ. ಮಂಡ್ಯದ ನೆಲದಲ್ಲಿ ಶಪಥ ಮಾಡಿದವರಿಗೆ ಕೊರತೆಯಿಲ್ಲ. ಊರೂರಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ, ಭೀಮ ಪ್ರತಿ ಸಲವೂ ಶಪಥ ಮಾಡುತ್ತಾನೆ.

ಶಪಥಕ್ಕೆ ತರಬೇತಿಯೂ ಸಿಕ್ಕಿದೆ. ಅದರ ಹೆಸರು ಸೂಕ್ಷ್ಮಬೋಧನೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಹುಟ್ಟುಹಾಕಿದ ಪದ್ಧತಿ ಇದು. ಪೂರ್ತಿ ಪಾಠವನ್ನು ಬಿಟ್ಟು ಒಂದೊಂದೇ ಕೌಶಲವನ್ನು ಕೆಲವೇ ನಿಮಿಷ ಅಭ್ಯಾಸ ಮಾಡುವುದು. ಇವತ್ತು ಪ್ರಶ್ನಿಸುವ ಕೌಶಲ, ನಾಳೆ ಕಪ್ಪುಹಲಗೆ ಬಳಸುವ ಕೌಶಲ, ನಾಡಿದ್ದು ಪ್ರಚೋದನಾ ಬದಲಾವಣೆ ಕೌಶಲ. ಕೊನೆಯದೆಂದರೆ ಒಂದೇ ಕಡೆ ಗೂಟ ಹೊಡೆದಂತೆ ನಿಲ್ಲದೆ ಓಡಾಡುವುದು, ದನಿ ಏರಿಳಿಸುವುದು, ಕೈ ಬೀಸುವುದು. ಆಲೋಚನೆ ಒಳ್ಳೆಯದೇ. ತೊಡಕೆಂದರೆ ಕಾಲೇಜಿನಲ್ಲಿ ಮಕ್ಕಳಿರುವುದಿಲ್ಲ. ಸಹಪಾಠಿಗಳೇ ಎಂಟನೇ ತರಗತಿಯ ಮಕ್ಕಳಾಗಿ ಬೆಂಚಿನಲ್ಲಿ ಕೂರುತ್ತಾರೆ. ಅವರಲ್ಲಿ ಒಬ್ಬನಿಗೆ ಮದುವೆಯಾಗಿ ಮಗು ಅಂಗನವಾಡಿಗೆ ಹೋಗುತ್ತಿರುತ್ತದೆ. "ಮಕ್ಕಳೇ, ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?" ಎಂದರೆ ಆ ಎಂಟನೇ ತರಗತಿಯ ತಂದೆ ಎದ್ದು ಕೈಕಟ್ಟಿ ನಿಂತು, "ನೂರು ಡಿಗ್ರಿ ಸೆಲ್ಸಿಯಸ್ ಸಾರ್" ಎನ್ನುತ್ತಾನೆ. ನಾಳೆ ಅವನ ಸರದಿ ಬಂದಾಗ ಇವನೂ ಅಷ್ಟೇ ಚೊಕ್ಕವಾಗಿ ಉತ್ತರಿಸಬೇಕು. ಈ ಕೊಡುಕೊಳ್ಳುವಿಕೆಯಲ್ಲಿ ಪಳಗಿದ ಭಾವಿ ಮೇಷ್ಟ್ರಿಗೆ ಜಗತ್ತಿನ ಮಕ್ಕಳೆಲ್ಲ ಹೀಗೇ ಎಂಬ ಭರವಸೆ ಬಂದಿರುತ್ತದೆ.

ಆಮೇಲೆ ಶಿವಪುರ.

ಶಿವಪುರ ಎಂಥ ಊರೆಂದು ಗೊತ್ತಿಲ್ಲದವರಿಗೆ ಒಂದು ಮಾತು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಇಲ್ಲಿ ನಡೆಯಿತು. ತ್ರಿವರ್ಣಧ್ವಜ ಹಾರಿಸಕೂಡದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಜನ ಹಾರಿಸಿಯೇ ಬಿಟ್ಟರು. ಹಾರಿಸಿದ ಜಾಗದಲ್ಲಿ ಈಗ ಸತ್ಯಾಗ್ರಹ ಸೌಧ ನಿಂತಿದೆ, ಬೆಂಗಳೂರು ಮೈಸೂರು ಹಳೇ ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದೆ. ಅಪ್ಪಣೆಯ ಪ್ರಕಾರ ನಡೆಯದಿರುವುದಕ್ಕೆ ಸ್ಮಾರಕ ಕಟ್ಟಿಸಿಕೊಂಡ ಊರಿದು. ಇಲ್ಲಿನ ಮಕ್ಕಳ ಮುಂದೆ ನಮ್ಮ ತರುಣ ಪಾಠಯೋಜನೆ ಹಿಡಿದು ನಿಲ್ಲುತ್ತಾನೆ.

ಆ ಪಾಠಯೋಜನೆಯ ವಿಚಾರ ವಸಿ ವಿವರವಾಗಿಯೇ ಹೇಳಬೇಕು. ಕನ್ನಡದಲ್ಲಿ ಕಾಲ್ಪನಿಕ ಸಾಹಿತ್ಯ ಸೊರಗುತ್ತಿದೆ ಎನ್ನುವವರು ಇದನ್ನು ಓದಿಲ್ಲ. ಹಾಳೆಯನ್ನು ಉದ್ದಕ್ಕೆ ಮನೆಮನೆ ಮಾಡಿರುತ್ತಾರೆ. ಒಂದು ಮನೆಯಲ್ಲಿ ಶಿಕ್ಷಕರ ಚಟುವಟಿಕೆ, ಅಂದರೆ ಪ್ರಶ್ನೆ. ಅದರ ಪಕ್ಕದ ಮನೆಯಲ್ಲಿ ವಿದ್ಯಾರ್ಥಿಗಳ ಚಟುವಟಿಕೆ, ಅಂದರೆ ನಿರೀಕ್ಷಿತ ಉತ್ತರ. ಅದು ಹಿಂದಿನ ರಾತ್ರಿಯೇ, ಮದ್ದೂರಿನ ಬಾಡಿಗೆ ರೂಮಿನಲ್ಲಿ, ಮಕ್ಕಳೆಲ್ಲ ನಿದ್ದೆ ಹೋಗಿರುವಾಗ, ಅವರ ಪರವಾಗಿ ಬರೆದಿಟ್ಟದ್ದು. "ವಿದ್ಯಾರ್ಥಿಗಳು ಕುತೂಹಲದಿಂದ ಗಮನಿಸುವರು." "ವಿದ್ಯಾರ್ಥಿಗಳು ಸಂತಸದಿಂದ ಉತ್ತರಿಸುವರು." ಒಂದು ಕಡೆಯಂತೂ "ವಿದ್ಯಾರ್ಥಿಗಳು ಆಶ್ಚರ್ಯಚಕಿತರಾಗುವರು" ಎಂದಿತ್ತು. ಎಷ್ಟನೇ ನಿಮಿಷದಲ್ಲಿ ಎಂಬುದೂ ನಮೂದಾಗಿತ್ತು.

ಶಾಲಾ ಎಸ್‌ಡಿಎಂಸಿಯ ಸದಸ್ಯನೆಂಬ ಸಣ್ಣ ಅಧಿಕಾರದ ಬಲದಿಂದ ಇಂಥ ತರಗತಿಗಳ ಕೊನೆಯ ಬೆಂಚಿನಲ್ಲಿ ಕೂರುವ ಯೋಗ ನನಗಿದೆ. ಶಾಲೆಯ ಹೆಸರು ಹೇಳುವುದಿಲ್ಲ. ಆಸುಪಾಸಿನದು ಎಂದಿಟ್ಟುಕೊಳ್ಳಿ. ಅಲ್ಲಿನ ಖಾಯಂ ವಿಜ್ಞಾನ ಶಿಕ್ಷಕರು ಭಾವಿ ಮೇಷ್ಟ್ರನ್ನು ಕಂಡೊಡನೆ ಎರಡೂ ಕೈ ಹಿಡಿದು ಸ್ವಾಗತಿಸುತ್ತಾರೆ, ತರಗತಿಯನ್ನು ಒಪ್ಪಿಸುತ್ತಾರೆ, ಮೊಟ್ಟೆ ಎಣಿಸಲು ಹೋಗುತ್ತಾರೆ. ಪ್ರಯೋಗಾಲಯವೂ ಇದೆ. ಅದರ ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚದ ಸೂಕ್ಷ್ಮದರ್ಶಕ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಹಳೇ ಸಂಚಿಕೆಗಳ ಕಟ್ಟು. ಬೀಗದಕೈ ಮಾತ್ರ ಎರಡು ವರ್ಗಾವಣೆಗಳ ಹಿಂದಿನ ಮೇಷ್ಟ್ರ ಜೇಬಿನಲ್ಲಿ ಹೋಯಿತೆಂದು ಪ್ರತೀತಿ. ಗೋಡೆಯ ಮೇಲೆ ಎಚ್. ನರಸಿಂಹಯ್ಯನವರ ಚಿತ್ರ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನೆ ಕೇಳಿ ಪ್ರಶ್ನೆ ಕೇಳಿ ಎಂದು ನಾಡಿನುದ್ದಕ್ಕೂ ಹೇಳುತ್ತ ಹೋದವರು. ಚಿತ್ರದ ಕೆಳಗೆ ಯಾರೋ ಹಿಂದಿನ ಬ್ಯಾಚಿನವರು ಅಂಟಿಸಿದ ಚಾರ್ಟು: "ತರಗತಿಯಲ್ಲಿ ಮಾತನಾಡಬಾರದು."

ಮೊದಲನೆಯ ವಾರ ನ್ಯೂಟನ್ ಬಂದ. ಗುರುತ್ವಾಕರ್ಷಣೆಯನ್ನು ಪಾತ್ರಾಭಿನಯದ ಮೂಲಕ ಕಲಿಸಬೇಕೆಂದು ಭಾವಿ ಮೇಷ್ಟ್ರು ನಿರ್ಧರಿಸಿದ್ದ. ಗುಂಗುರು ಗುಂಗುರಾದ ಉದ್ದ ಕೂದಲು ಬೇಕು. ಮಂಡ್ಯ ಸೀಮೆಯಲ್ಲಿ ಅದಕ್ಕೇನು ಬರ? ನಾಟಕದ ಸೀನರಿ ಬಾಡಿಗೆಗೆ ಕೊಡುವವರ ಹತ್ತಿರ ಒಂದು ವಿಗ್ ತಂದ. ಅದು ಇನ್ನೂ ಎರಡು ದಿನದ ಹಿಂದೆ ಯಾವುದೋ ಹಬ್ಬದಲ್ಲಿ ಶ್ರೀಕೃಷ್ಣನ ತಲೆಯ ಮೇಲಿತ್ತು, ನವಿಲುಗರಿ ಸಿಕ್ಕಿಸುವ ತಂತಿ ಹಾಗೇ ಉಳಿದಿತ್ತು. ಐಸಾಕ್ ನ್ಯೂಟನ್ ಒಳಗೆ ಕಾಲಿಟ್ಟದ್ದೇ ಹಿಂದಿನ ಬೆಂಚಿನವನೊಬ್ಬ "ಕಿಸ್ಣ ಬಂದ ಕಣ್ರಲಾ!" ಎಂದ. ಒಬ್ಬಳು ಹಾರ್ಮೋನಿಯಂ ದನಿ ತೆಗೆದಳು. ಒಬ್ಬ ಕಂದಪದ್ಯ ಹೇಳಿ ಎಂದು ಬೇಡಿದ. ಗದ್ದಲದ ನಡುವೆ ನ್ಯೂಟನ್ ಸೇಬನ್ನು ಮೇಲಕ್ಕೆ ಎಸೆದು, ಅದು ಕೆಳಗೆ ಬಿದ್ದಾಗ, "ಮಕ್ಕಳೇ, ಸೇಬು ಏಕೆ ಕೆಳಕ್ಕೇ ಬಿತ್ತು?" ಎಂದು ಕೇಳಿದ. ನಿರೀಕ್ಷಿತ ಉತ್ತರ: ಭೂಮಿಯ ಗುರುತ್ವಾಕರ್ಷಣ ಬಲದಿಂದ.

"ಹಿಡ್ಕಳಿಲ್ವಲ್ಲ ಸಾ, ಅದ್ಕೆ" ಎಂದ ಮುಂದಿನ ಬೆಂಚಿನವನು.

ಮದ್ದೂರು ಎಳನೀರಿನ ದೊಡ್ಡ ಮಾರುಕಟ್ಟೆ. ತರಗತಿಯಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ತೆಂಗಿದೆ. ಮರ ಹತ್ತುವವರ ಮನೆಯ ಹುಡುಗನೊಬ್ಬ ಎದ್ದ. "ಸಾ, ನಮ್ಮಪ್ಪ ಎಳ್ನೀರ್ ಗೊನೆ ಬೀಳ್ಸಲ್ಲ, ಹಗ್ಗ ಕಟ್ಟಿ ಇಳಿಸ್ತದೆ. ಬಿಗಿ ಇಡೀದೆ ಜಾರಕ್ ಬುಟ್ರೆ ಕೈ ಬೊಬ್ಬೆ ಬತ್ತದೆ. ಗೊನೆ ತಣ್ಗೇ ಇರ್ತದೆ, ಹಗ್ಗಾನೂ ತಣ್ಗೇ ಇರ್ತದೆ, ಕೈ ಯಾಕ್ ಸುಡ್ತದೆ?"

ನ್ಯೂಟನ್ ಕ್ಷಣಕಾಲ ವಿಗ್ಗಿನೊಳಗೆ ಕೆರೆದುಕೊಂಡ. ಎತ್ತರದಲ್ಲಿರುವ ಗೊನೆಯ ಶಕ್ತಿ ಇಳಿಯುತ್ತ ಇಳಿಯುತ್ತ ಎಲ್ಲಿಗೆ ಹೋಯಿತು, ಘರ್ಷಣೆಯಲ್ಲಿ ಶಾಖವಾಗಿ ಅಪ್ಪನ ಅಂಗೈಗೆ ಹೇಗೆ ಬಂತು, ಇದನ್ನು ಹಿಡಿದುಕೊಂಡಿದ್ದರೆ ಅವತ್ತಿನ ಪಾಠ ಗುರುತ್ವದಿಂದ ಹೊರಟು ಶಕ್ತಿಯ ಸಂರಕ್ಷಣೆಯವರೆಗೆ ತಾನೇ ನಡೆದು ಹೋಗುತ್ತಿತ್ತು. ಆದರೆ ರೆಕಾರ್ಡಿನಲ್ಲಿ ಹಗ್ಗವಿರಲಿಲ್ಲ. "ಬಹಳ ಒಳ್ಳೆಯ ಪ್ರಶ್ನೆ. ಅದು ಮುಂದಿನ ಅಧ್ಯಾಯದಲ್ಲಿ ಬರುತ್ತೆ. ಎಲ್ಲರೂ ಇವನಿಗೆ ಮಳೆ ಚಪ್ಪಾಳೆ ಹೊಡೀರಿ."

ಮಳೆ ಚಪ್ಪಾಳೆ ಎಂದರೆ ಒಂದು ಬೆರಳಿನಿಂದ ಶುರುವಾಗಿ ಐದು ಬೆರಳಿಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಚಪ್ಪಾಳೆ. ರಾಕೆಟ್ ಚಪ್ಪಾಳೆ, ಗುಲಾಬಿ ಚಪ್ಪಾಳೆ, ಪಟಾಕಿ ಚಪ್ಪಾಳೆಗಳೂ ಇವೆ. ಇದಕ್ಕೆ ಪುನರ್ಬಲನ ಕೌಶಲ ಎಂದು ಹೆಸರು. ಉತ್ತರ ಹೇಳಿದವರಿಗೆ ಹೊಡೆಯುವುದು ಸರಿ. ನಮ್ಮವನು ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗೆಲ್ಲ ಹೊಡೆಸುತ್ತಾನೆ. ಶಿವಪುರದ ಮಕ್ಕಳು ಇದನ್ನು ಎರಡೇ ದಿನದಲ್ಲಿ ಪತ್ತೆ ಹಚ್ಚಿ, ಜೋರು ಮಳೆ ಬಂದಷ್ಟೂ ಮೇಷ್ಟ್ರು ತೊಂದರೆಯಲ್ಲಿದ್ದಾರೆ ಎಂಬ ಸೂತ್ರವನ್ನು ಮಂಡಿಸಿದ್ದರು. ವೀಕ್ಷಣೆಯಿಂದ ನಿಯಮಕ್ಕೆ ಬರುವುದು ಹೀಗೆಯೇ ಎಂದು ವಿಜ್ಞಾನದ ವಿಧಾನ ಹೇಳುತ್ತದೆ.

ಎರಡನೆಯ ವಾರ ಕುದಿಯುವ ಬಿಂದು. ಸ್ಪಿರಿಟ್ ದೀಪ, ಬೀಕರು, ಥರ್ಮಾಮೀಟರು, ಹಿಂದೆ ಪ್ರೊಜೆಕ್ಟರಿನಲ್ಲಿ ಕುಣಿಯುವ ಅಣುಗಳ ಕಾರ್ಟೂನು, ಅದಕ್ಕೊಂದು ಸಂಗೀತ. ಕರೆಂಟು ಹೋದದ್ದರಿಂದ ಅಣುಗಳು ಕುಣಿಯಲಿಲ್ಲ. ನೀರು ಕುದಿಯಿತು. ಥರ್ಮಾಮೀಟರು 97 ತೋರಿಸಿತು. ಮಂಡ್ಯ ಜಿಲ್ಲೆ ಸಮುದ್ರಮಟ್ಟಕ್ಕಿಂತ ಆರುನೂರು ಎಪ್ಪತ್ತು ಮೀಟರಿನಷ್ಟು ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ನೂರಕ್ಕಿಂತ ಎರಡು ಡಿಗ್ರಿ ಮೊದಲೇ ಕುದಿಯುವುದು ನ್ಯಾಯ, ಇನ್ನೊಂದು ಡಿಗ್ರಿ ಥರ್ಮಾಮೀಟರಿನ ಪಾಲು. ಭಾವಿ ಮೇಷ್ಟ್ರು ಅದನ್ನು ಮಕ್ಕಳಿಗೆ ತೋರಿಸದೆ, ಬೀಕರಿನ ಮೇಲೆ ಬಗ್ಗಿ, "ನೂರು" ಎಂದು ಓದಿದ. ನಿರೀಕ್ಷಿತ ಉತ್ತರ ಪ್ರಕೃತಿಯಿಂದಲೂ ಬರಬೇಕಲ್ಲ.

ಆಗ ಎದ್ದವಳು ಆಲೆಮನೆಯವರ ಮಗಳು. ಮಾತು ಕಡಿಮೆ, ಎದ್ದರೆ ಕೂರುವುದಿಲ್ಲ.

"ಸಾ, ಕಬ್ಬಿನ್ ಆಲು ಕುದಿಯಕ್ ಸುರು ಆದಾಗ ಒಂದ್ ತರ ಕುದೀತದೆ. ಪಾಕ ಆಗೋ ಒತ್ಗೆ ಇನ್ನೊಂದ್ ತರ ಕುದೀತದೆ. ಪಾಕ ಸಿಡುದ್ರೆ ನೀರ್ಗಿಂತ ಜಾಸ್ತಿ ಸುಡ್ತದೆ. ಎರಡೂ ಕುದಿಯದೇ ತಾನೆ, ನೂರೇ ತಾನೆ, ಯಾಕ್ ಜಾಸ್ತಿ ಸುಡ್ತದೆ?"

ಅಣುಗಳು ಪ್ರೊಜೆಕ್ಟರಿನಲ್ಲಿ ಕುಣಿಯದಿದ್ದರೂ ನನ್ನ ತಲೆಯಲ್ಲಿ ಕುಣಿದವು. ಕಬ್ಬಿನ ಹಾಲಿನಿಂದ ನೀರು ಆರುತ್ತ ಸಕ್ಕರೆಯ ಸಾಂದ್ರತೆ ಏರುತ್ತದೆ, ಜೊತೆಗೆ ಕುದಿಯುವ ಬಿಂದುವೂ ಏರುತ್ತದೆ. ಬೆಲ್ಲ ಇಳಿಸುವ ಹೊತ್ತಿಗೆ ಕೊಪ್ಪರಿಗೆ 118 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆಲೆಮನೆಯಲ್ಲಿ ಯಾರೂ ಥರ್ಮಾಮೀಟರು ಇಡುವುದಿಲ್ಲ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಆ ಉಂಡೆಯೇ ಅವರ ಥರ್ಮಾಮೀಟರು. ಅದಕ್ಕೂ ಮೊದಲು ಹಾಲಿಗೆ ಸುಣ್ಣ ಹಾಕುತ್ತಾರೆ. ಕಬ್ಬಿನ ಹಾಲು ತುಸು ಆಮ್ಲೀಯ, ಹಾಗೇ ಕಾಯಿಸಿದರೆ ಸಕ್ಕರೆ ಒಡೆದು ಬೆಲ್ಲ ಅಚ್ಚು ಕಟ್ಟುವುದಿಲ್ಲ. ಸುಣ್ಣ ಅದನ್ನು ತಟಸ್ಥ ಮಾಡುತ್ತದೆ. ಬೆಂಡೆಗಿಡ ಜಜ್ಜಿದ ಲೋಳೆ ಹಾಕಿದರೆ ಕೊಳೆ ಅಂಟಿಕೊಂಡು ನೊರೆಯಾಗಿ ಮೇಲೇಳುತ್ತದೆ. ನೊರೆ ಉಕ್ಕಿ ಹರಿಯುತ್ತದೆ ಅನ್ನುವಾಗ ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟರೆ ಗುಳ್ಳೆಯ ಪೊರೆ ಒಡೆದು ಎಲ್ಲ ತಟಕ್ಕನೆ ಕೂತುಬಿಡುತ್ತದೆ. ಎಂಟರಿಂದ ಹತ್ತನೇ ತರಗತಿಯವರೆಗಿನ ಅರ್ಧ ರಸಾಯನಶಾಸ್ತ್ರ ಆ ಒಂದು ಕೊಪ್ಪರಿಗೆಯಲ್ಲಿದೆ. ಆಮ್ಲ ಪ್ರತ್ಯಾಮ್ಲಕ್ಕೆ ಇದೇ ಭಾವಿ ಮೇಷ್ಟ್ರು ಹಿಂದಿನ ದಿನ ಬೆಂಗಳೂರಿನಿಂದ ಲಿಟ್ಮಸ್ ಕಾಗದ ತರಿಸಿದ್ದ.

"ಒಳ್ಳೆಯ ಪ್ರಶ್ನೆ" ಎಂದ. ಮಕ್ಕಳು ಅವನು ಹೇಳುವ ಮುಂಚೆಯೇ ಒಂದು ಬೆರಳು ಎತ್ತಿಕೊಂಡರು.

ಪಾಠಯೋಜನೆಯಲ್ಲಿ "ಸ್ಥಳೀಯ ಸಂಪನ್ಮೂಲಗಳ ಬಳಕೆ" ಎಂಬ ಒಂದು ಕಾಲಂ ಕೂಡ ಇದೆ. ಅದನ್ನು ಅವನು ತುಂಬುವುದು ಸಂಜೆ, ಮದ್ದೂರಿನ ಹೋಟೆಲಿನಲ್ಲಿ, ವಡೆ ತಿನ್ನುತ್ತ. ನಾನೇ ಎದುರಿನ ಕುರ್ಚಿಯಿಂದ ಓದಿದ್ದೇನೆ: "ಚಾರ್ಟ್, ಪಿಪಿಟಿ, ವಿಡಿಯೊ." ಅವನ ಬೆನ್ನ ಹಿಂದೆ ಬಾಣಲೆಯಿತ್ತು. ಮೈದಾ, ಚಿರೋಟಿ ರವೆ, ಅಕ್ಕಿಹಿಟ್ಟು, ಈರುಳ್ಳಿ, ಮೇಲೆ ಬಿಸಿ ತುಪ್ಪ. ಜಿಡ್ಡು ಹಿಟ್ಟಿನ ಕಣಕಣವನ್ನೂ ಸವರಿಬಿಟ್ಟರೆ ನೀರು ತಗುಲಿದರೂ ಅದು ನಾರುನಾರಾಗಿ ಹೆಣೆದುಕೊಳ್ಳುವುದಿಲ್ಲ, ಅದಕ್ಕೇ ವಡೆ ಮುರಿದರೆ ಗರಿಕ್ ಎನ್ನುತ್ತದೆ. ಎಣ್ಣೆಗೆ ಬಿಟ್ಟಾಗ ಏಳುವ ಗುಳ್ಳೆ ಎಣ್ಣೆಯದಲ್ಲ, ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುವುದು. ಗುಳ್ಳೆ ಇಳಿಮುಖವಾದರೆ ನೀರು ಮುಗಿಯಿತು, ವಡೆ ಬೆಂತು. ಜಾಲರಿ ಹಿಡಿದವನಿಗೆ ಗಡಿಯಾರ ಬೇಕಿಲ್ಲ. 1917ರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬೇಗ ಬಂತೆಂದು ರಾಮಚಂದ್ರ ಬುಧ್ಯರು ಪಕೋಡದ ಹಿಟ್ಟನ್ನೇ ಅವಸರದಲ್ಲಿ ತಟ್ಟಿ ಕರಿದದ್ದರಿಂದ ಮದ್ದೂರು ವಡೆ ಹುಟ್ಟಿತೆಂದು ಕಥೆ. ತೆಳ್ಳಗಾದಷ್ಟೂ ಬೇಗ ಬೇಯುತ್ತದೆ ಎಂಬುದಂತೂ ಕಥೆಯಲ್ಲ. ರೈಲಿನವರು ಎರಡು ಮೂರು ನಿಮಿಷದ ಸ್ಟಾಪಿನಲ್ಲಿ ಪರೀಕ್ಷಿಸಿ ಒಪ್ಪಿದ್ದಾರೆ. ಭಾವಿ ಮೇಷ್ಟ್ರು ಮೂರನೆಯ ವಡೆ ಮುಗಿಸಿ, ಜಿಡ್ಡು ತಾಗದಂತೆ ರೆಕಾರ್ಡನ್ನು ಪಕ್ಕಕ್ಕೆ ಸರಿಸಿದ.

ವಿದ್ಯುತ್ತಿನ ಪಾಠದ್ದು ಬೇಗ ಹೇಳಿ ಮುಗಿಸುತ್ತೇನೆ. ಜಲವಿದ್ಯುತ್ತಿಗೆ ನಯಾಗರದ ಬಣ್ಣದ ಪೋಸ್ಟರು ತಂದಿದ್ದ. ಎಂಥ ಅದ್ಭುತ ಜಲಪಾತ ಎಂದು ಹತ್ತು ನಿಮಿಷ ವರ್ಣಿಸಿದ. ಮಳವಳ್ಳಿ ದಾಟಿದರೆ ಶಿವನಸಮುದ್ರ, 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರು ದೂರ ತಂತಿ ಎಳೆದು ಕರೆಂಟು ಕಳಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ಕೆಲಸ. ಅದಾದ ಮೂರು ವರ್ಷಕ್ಕೆ, 1905ರಲ್ಲಿ, ಬೆಂಗಳೂರಿಗೆ ದೀಪ ಬಂತು. ಟೂರಿನಲ್ಲಿ ಗಗನಚುಕ್ಕಿ ಭರಚುಕ್ಕಿ ನೋಡಿ ಬಂದಿದ್ದ ಹುಡುಗ ಎದ್ದು ನಿಂತು ಕೇಳಿದ: "ಕರೆಂಟ್ ನಮ್ ಜಿಲ್ಲೇಲೇ ಮಾಡ್ತಾರೆ. ನಮ್ಮೂರ್ನಲ್ಲೇ ಯಾಕ್ ಓಯ್ತದೆ?" ಇದಕ್ಕೆ ಭೌತಶಾಸ್ತ್ರ ಸಾಲದು. ಅಂದು ಹೊಡೆದ ಮಳೆ ಚಪ್ಪಾಳೆಗೆ ಶಿಂಷೆ ತುಂಬಬೇಕಿತ್ತು.

ಇಷ್ಟಾದರೂ ಮಕ್ಕಳಿಗೆ ಅವನ ಮೇಲೆ ಪ್ರೀತಿ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಸಂಬಳವೂ ಇಲ್ಲ, ಸ್ವಂತ ದುಡ್ಡಿನ ಚಾಕಲೇಟು ಹಂಚುತ್ತಾನೆ, ಬೆವರು ಒರೆಸಿಕೊಳ್ಳುತ್ತ ಸೌರಮಂಡಲ ಹೊತ್ತು ತರುತ್ತಾನೆ. ಶುಕ್ರ ಕಳಚಿ ಬಿದ್ದರೆ ಅವರೇ ಅಂಟಿಸಿಕೊಡುತ್ತಾರೆ. ಕಾಲೇಜಿನಿಂದ ಅಬ್ಸರ್ವರ್ ಬರುತ್ತಾರೆಂದು ತಿಳಿದ ದಿನವಂತೂ ಇಡೀ ತರಗತಿ ಅವನ ಪಕ್ಷಕ್ಕೆ ಸೇರುತ್ತದೆ. ಪ್ರತಿ ವರ್ಷ ಒಬ್ಬೊಬ್ಬ ಭಾವಿ ಮೇಷ್ಟ್ರನ್ನು ದಡ ಸೇರಿಸಿ ಸೇರಿಸಿ ಈ ಮಕ್ಕಳಿಗೆ ಅಭ್ಯಾಸವಾಗಿದೆ. "ಯಾವ್ ಪ್ರಶ್ನೆಗೆ ಯಾರ್ ಏಳ್ಬೇಕು ಏಳಿ ಸಾ, ನೀವ್ ಎದರ್ಕೋಬ್ಯಾಡಿ" ಎಂದು ಧೈರ್ಯ ಹೇಳುವವರೂ ಅವರೇ. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತಬೇಕು, ಮೇಷ್ಟ್ರು ಬಲಗೈಯವರನ್ನೇ ಕೇಳಬೇಕು, ಎಲ್ಲರ ಕೈಯೂ ಮೇಲಿರುತ್ತದೆ. ನೋಡಿದವರಿಗೆ ಎಂಥ ಜಾಣ ತರಗತಿ ಅನ್ನಿಸಬೇಕು. ಈ ವಿದ್ಯೆ ಯಾವ ಬಿ.ಎಡ್. ಸಿಲಬಸ್ಸಿನಲ್ಲೂ ಇಲ್ಲ.

ಅಬ್ಸರ್ವರ್ ಮೇಡಂ ಬಂದ ದಿನದ ಪಾಠ ದಹನ. ಮೇಣದ ಬತ್ತಿಯನ್ನು ತಟ್ಟೆಯ ನೀರಿನಲ್ಲಿ ನಿಲ್ಲಿಸಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕುವುದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ತಲೆಮಾರುಗಳಿಂದ ಮೇಷ್ಟ್ರುಗಳು ಇದಕ್ಕೆ ಹೇಳಿಕೊಂಡು ಬಂದಿರುವ ಕಾರಣ ಒಂದೇ: ಬತ್ತಿ ಆಮ್ಲಜನಕವನ್ನು ಸುಟ್ಟು ಮುಗಿಸಿತು, ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಖಾಲಿಯಾದ ಅಷ್ಟೇ ಜಾಗಕ್ಕೆ ನೀರು ಏರಿತು. ನಾನೂ ಹೀಗೇ ಕಲಿತವನು. ಬಹುಶಃ ನೀವೂ. ಪೀಠಿಕೆಗೆ ಮೈಕೆಲ್ ಫ್ಯಾರಡೆಯ ಪ್ರಸ್ತಾಪವೂ ಇತ್ತು. 1860ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಒಂದು ಮೇಣದ ಬತ್ತಿಯನ್ನೇ ಹಿಡಿದುಕೊಂಡು ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟರು. ಫ್ಯಾರಡೆ ಬಾಲ್ಯದಲ್ಲೇ ಶಾಲೆ ಬಿಟ್ಟು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದವರು, ಬಿ.ಎಡ್. ಆಗಿರಲಿಲ್ಲ, ಅವರ ಹಿಂದೆ ಅಬ್ಸರ್ವರ್ ಕೂತಿರಲಿಲ್ಲ. ಅದಕ್ಕೇ ಒಂದು ಬತ್ತಿಗೆ ಆರು ದಿನ ತೆಗೆದುಕೊಂಡರು. ನಮ್ಮವನಿಗೆ ನಲವತ್ತು ನಿಮಿಷ.

ಎಲ್ಲವೂ ಬರೆದಂತೆ ನಡೆಯಿತು. ಬಲಗೈಗಳು ಉತ್ತರಿಸಿದವು. ಬತ್ತಿ ಆರಿತು. ನೀರು ಏರಿತು. ವಿದ್ಯಾರ್ಥಿಗಳು ಆಶ್ಚರ್ಯಚಕಿತರಾದರು, ಅದೂ ಸರಿಯಾದ ನಿಮಿಷಕ್ಕೆ. ಮೇಡಂ ತಲೆಯಾಡಿಸಿ ಏನೋ ಬರೆದುಕೊಂಡರು. ಅಷ್ಟರಲ್ಲಿ ಆಲೆಮನೆಯ ಹುಡುಗಿ ಎದ್ದಳು. ಕೈ ಎಡವೂ ಅಲ್ಲ ಬಲವೂ ಅಲ್ಲ, ಸುಮ್ಮನೆ ನಿಂತಿದ್ದಳು.

"ಸಾ, ಬತ್ತಿ ಉರಿಯೋವಾಗ ನೀರ್ ಏರ್ನಿಲ್ಲ."

"ಏರ್ತಲ್ಲಮ್ಮ, ನೋಡು."

"ಈಗ ಏರದೆ. ಬತ್ತಿ ಆರೋದ್ ಮ್ಯಾಲೆ ಏರ್ತು. ಉರಿಯೋವಾಗ್ಲೇ ತಾನೆ ಗಾಳಿ ಮುಗಿಯಾದು? ಅವಾಗ್ ಯಾಕ್ ಏರ್ನಿಲ್ಲ?"

ತರಗತಿಯ ನಲವತ್ತು ಮಕ್ಕಳೂ ಅಭ್ಯಾಸಬಲದಿಂದ ಒಂದೊಂದು ಬೆರಳು ಎತ್ತಿ ಮಳೆಗೆ ಕಾದರು. ಮಳೆ ಬರಲಿಲ್ಲ. ಭಾವಿ ಮೇಷ್ಟ್ರು ಲೋಟವನ್ನೇ ನೋಡುತ್ತ ನಿಂತ. ಪ್ರಚೋದನಾ ಬದಲಾವಣೆ ಮರೆತ, ಕೈ ಬೀಸುವುದು ಮರೆತ, ದನಿ ಏರಿಳಿಸುವುದಕ್ಕೆ ದನಿಯೇ ಇರಲಿಲ್ಲ. ಕೊನೆಗೆ, "ಇನ್ನೊಂದ್ ಸಲ ಹಚ್ಚಣ ಇರಿ" ಎಂದ. ರೆಕಾರ್ಡಿನಲ್ಲಿ ಇಲ್ಲದ ವಾಕ್ಯ ಅವನ ಬಾಯಿಂದ ಹೊರಟದ್ದು ನಾನು ಕೇಳಿದ ಹಾಗೆ ಅದೇ ಮೊದಲು.

ಹಚ್ಚಿದರು. ಈ ಸಲ ಎಲ್ಲರೂ ಮೇಜಿನ ಸುತ್ತ. ಲೋಟ ಇಳಿಸುವಾಗಲೇ ಅಂಚಿನಿಂದ ನಾಲ್ಕಾರು ಗುಳ್ಳೆ ಹೊರಗೆ ಬಂದದ್ದನ್ನು ಎಳನೀರಿನ ಹುಡುಗ ಕಂಡ. ಉರಿ ಇರುವವರೆಗೆ ನೀರು ಹೆಚ್ಚುಕಮ್ಮಿ ಅಲ್ಲಾಡಲಿಲ್ಲ, ಆರಿದ ಮರುಕ್ಷಣ ಸರಸರ ಏರಿತು. "ಬಿಸಿ ಗಾಳಿ ಆಚೆ ಓಯ್ತು ಸಾ, ಉಳ್ದಿದ್ದು ತಣ್ಗಾಗಿ ಮುದುರ್ಕತು" ಎಂದ ಒಬ್ಬ. "ಅಂಗಾರೆ ಎರಡ್ ಬತ್ತಿ ಇಕ್ಕಿ, ಇನ್ನೂ ಬಿಸಿ ಆಯ್ತದೆ, ಇನ್ನೂ ಏರ್ತದೆ" ಎಂದಳು ಅವಳು. ಲೋಟ ಅದೇ, ಆಮ್ಲಜನಕ ಅಷ್ಟೇ. ಐದನೇ ಒಂದು ಭಾಗದ ಲೆಕ್ಕ ನಿಜವಾದರೆ ಎರಡು ಬತ್ತಿಗೂ ನೀರು ಅಲ್ಲಿಗೇ ನಿಲ್ಲಬೇಕು. ಎರಡು ಬತ್ತಿ ಇಟ್ಟರು. ನೀರು ಇನ್ನೂ ಮೇಲಕ್ಕೆ ಏರಿತು. ಆಮ್ಲಜನಕವೆಲ್ಲ ಮುಗಿಯುವ ಮುಂಚೆಯೇ ಬತ್ತಿ ಆರುತ್ತದೆ, ಮುಗಿದಷ್ಟರ ಬದಲು ಇಂಗಾಲದ ಡೈಆಕ್ಸೈಡು ಬಂದು ಕೂರುತ್ತದೆ, ನೀರನ್ನು ಎಳೆಯುವ ಮುಖ್ಯ ಕೆಲಸ ಬಿಸಿ ಗಾಳಿ ತಣ್ಣಗಾಗುವುದರದ್ದು. ಇದಷ್ಟನ್ನೂ ಅವರು ಜಗಳವಾಡುತ್ತ, ಒಬ್ಬರ ಮೇಲೊಬ್ಬರು ಬಿದ್ದು, ಲೋಟದ ಮೇಲೆ ಪೆನ್ನಿನಲ್ಲಿ ಗೀಟು ಹಾಕಿ, ಅರ್ಧಮರ್ಧ ಮಾತಿನಲ್ಲಿ ಕಟ್ಟಿಕೊಂಡರು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಅವನ ಶಪಥ ಈಡೇರಿದ ಕ್ಷಣ ಅದು. ಆದರೆ ಮೂಗಿನ ತುದಿಗೆ ಮಸಿ ಹತ್ತಿದ್ದ ಅವನಿಗೆ ಅದು ಗೊತ್ತಾಗಲಿಲ್ಲ. ಮೂರನೆಯ ಬತ್ತಿ ಹಿಡಿದು ನಿಂತಿದ್ದವರು ಅಬ್ಸರ್ವರ್ ಮೇಡಂ.

ಆಮೇಲೆ ಮೇಡಂ ಕುರ್ಚಿಗೆ ಮರಳಿ ಕೈ ಒರೆಸಿಕೊಂಡು ಕೆಂಪು ಶಾಯಿಯಲ್ಲಿ ಬರೆದರು: "ಕಾಲ ನಿರ್ವಹಣೆ ಸಾಲದು. ಪಾಠಯೋಜನೆಯಿಂದ ವಿಮುಖ. ಚಾರ್ಟ್ ಬಳಸಿಲ್ಲ. ಮೌಲ್ಯಮಾಪನ ಪ್ರಶ್ನೆ ಕೇಳಿಲ್ಲ. ಗೃಹಪಾಠ ಕೊಟ್ಟಿಲ್ಲ." ಗೃಹಪಾಠ ಕೊಡದಿದ್ದರೂ ಸಂಜೆಯ ಹೊತ್ತಿಗೆ ಊರಿನ ಅಂಗಡಿಯಲ್ಲಿ ಮೇಣದ ಬತ್ತಿ ಖಾಲಿಯಾಗಿತ್ತು. ಎರಡು ಮನೆಯಲ್ಲಿ ಗಾಜಿನ ಲೋಟ ಬಿರುಕು ಬಿಟ್ಟು, ಎಸ್‌ಡಿಎಂಸಿ ಸದಸ್ಯನಾದ ನನ್ನ ಮನೆಗೇ ದೂರು ಬಂತು.

ಭಾವಿ ಮೇಷ್ಟ್ರು ಮೂರು ದಿನ ಮಂಕಾಗಿದ್ದ. ಅಂತಿಮ ಪಾಠದ ಪರೀಕ್ಷೆಗೆ ಹೊರಗಿನಿಂದ ಎಕ್ಸಾಮಿನರ್ ಬರುವವರಿದ್ದರು. ಪಾಠೋಪಕರಣಕ್ಕೆ ಬೇರೆ ಅಂಕ, ಪಾಠಯೋಜನೆಗೆ ಬೇರೆ ಅಂಕ. ಬದುಕಬೇಕಲ್ಲ. ಮತ್ತೆ ಮದ್ದೂರಿಗೆ ಹೋಗಿ ಥರ್ಮಾಕೋಲ್ ಕೊಂಡ. ಜ್ವಾಲಾಮುಖಿ ಹಿಂದಿನದಕ್ಕಿಂತ ಒಂದಡಿ ಎತ್ತರವಾಗಿತ್ತು, ತಪ್ಪಲಿನಲ್ಲಿ ಹುಲ್ಲೂ ದನವೂ ಇದ್ದವು. ನಿರೀಕ್ಷಿತ ಉತ್ತರಗಳನ್ನು ಹಸಿರು ಶಾಯಿಯಲ್ಲಿ ಬರೆದಿದ್ದ.

ಎಕ್ಸಾಮಿನರ್ ಇನ್ನೂ ಹೆಡ್‌ಮಾಸ್ಟರ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದರು. ಆಲೆಮನೆಯ ಹುಡುಗಿ ತರಗತಿಯ ಪರವಾಗಿ ಎದ್ದು ಬಂದು ಮೇಜಿನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು: "ಸಾ, ಇವತ್ತು ನೀವ್ ಬರ್ಕೊಂಡಿರೋದ್ ಏಳ್ಬೇಕಾ, ನಮ್ಗೆ ಕಾಣಾದ್ ಏಳ್ಬೇಕಾ?"

ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ: "ಅವರು ಇರೋಗಂಟ ನಂದು. ಅವರು ಬಸ್ ಹತ್ತುದ್ ಮ್ಯಾಲೆ ನಿಮ್ದು. ಒಂದ್ ಗಂಟೆ ಇರ್ತೀನಿ, ಯಾರೂ ಮನೆಗ್ ಓಗ್ಬೇಡಿ."